ಪೇಟೆ ಒಳಗಿನ ಸಂಘದ ಹಾಲ್: ಮಾರೋದಾ, ಬೀಗ ಹಾಕೋದಾ, ನಡ್ಸೋದಾ? (ಹಳೇ ಏರಿಯಾದವರು ಬಂದು ಹೇಳಿ)

ಪೇಟೆಹೈದ:
ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಆಗತ್ತೆ, ಬೈಕೋಬೇಡಿ. ಬೆಂಗಳೂರು ಕಾಟನ್‌ಪೇಟೆ ಹಿಂದ್ಗಡೆ ಒಂದು ಗಲ್ಲಿಲಿ ನಮ್ದೊಂದು ಸಂಘ ಇದೆ. ಹೆಸರು ಹಾಕಲ್ಲ, ಏರಿಯಾದೋರಿಗೆ ಗೊತ್ತಾದ್ರೂ ಸುಮ್ನಿರಿ. ತಾತನ ಕಾಲದ ಹುಡುಗ್ರು ಚಂದಾ ಎತ್ತಿ ಮಾಡಿದ್ದು, ಕೆಳಗೆ ಒಂದು ಮಳಿಗೆ, ಮೇಲೆ ಒಂದು ಹಾಲ್. ಮಳಿಗೇನ ಬಟ್ಟೆ ಗೋಡೌನ್‌ಗೆ ಬಾಡಿಗೆ ಕೊಟ್ಟಿದೀವಿ, ಆ ದುಡ್ಡಲ್ಲಿ ಕರೆಂಟ್ ಬಿಲ್ಲು, ಪೇಪರ್ ಬಿಲ್ಲು, ಗಣೇಶನ ಖರ್ಚು ಎಲ್ಲ ನಡಿಯತ್ತೆ. ಹಾಲಲ್ಲಿ ಎರಡು ಕೇರಂ ಬೋರ್ಡು, ಪೇಪರ್ ಓದೋ ಉದ್ದನೆ ಟೇಬಲ್ಲು, ಅಣ್ಣಾವ್ರ ಫೋಟೋ, ಕುವೆಂಪು ಫೋಟೋ, ಬೀಗ ಹಾಕಿರೋ ಬೀರು ತುಂಬ ಕಾದಂಬರಿ. ಬೀಗದ ಕೈ ಯಾರ ಹತ್ರ ಇದೆ ಅಂತ ಯಾರಿಗೂ ಗೊತ್ತಿಲ್ಲ.

ಈಗ ಏನಾಗಿದೆ ಅಂದ್ರೆ, ಮೆಂಬರ್‌ಗಳಲ್ಲಿ ಮುಕ್ಕಾಲು ಭಾಗ ವಿಜಯನಗರ, ನಾಗರಭಾವಿ, ಕೆಂಗೇರಿ ಕಡೆ ಮನೆ ಮಾಡ್ಕೊಂಡು ಹೋಗ್ಬಿಟ್ರು. ಗಣೇಶನಿಗೆ ಒಂದ್ಸಲ, ರಾಜ್ಯೋತ್ಸವಕ್ಕೆ ಒಂದ್ಸಲ ಬರ್ತಾರೆ, ಬಾವುಟ ಹಾರಿಸ್ತಾರೆ, ಫೋಟೋ ತಗೊಂಡು ಹೋಗ್ತಾರೆ. ಮಿಕ್ಕಿದ್ ದಿನ ಬಾಗ್ಲು ಹಾಕಿರತ್ತೆ. ಗಲ್ಲಿಲಿ ಈಗ ಇರೋರು ಬೇರೆ ಜನ. ಮಾರ್ವಾಡಿ ಅಂಗಡಿಯೋರು, ಬಂಗಾಳದಿಂದ ಬಂದಿರೋ ಚಿನ್ನದ ಕೆಲ್ಸದ ಹುಡುಗ್ರು, ರಾಯಚೂರು ಯಾದಗಿರಿ ಕಡೆ ಹಮಾಲಿ ಮಾಡೋರು, ಪುಟ್ ಪುಟ್ಟ ಬಾಡಿಗೆ ರೂಮಲ್ಲಿ ಇರೋ ಗಾರ್ಮೆಂಟ್ಸ್ ಹೆಣ್ಮಕ್ಳು. ಒಬ್ರೂ ನಮ್ಮ ಮೆಂಬರ್ ಅಲ್ಲ.

ಮೊನ್ನೆ ಒಬ್ಬ ಬಿಲ್ಡರ್ ಬಂದು ಒಳ್ಳೆ ರೇಟ್ ಹೇಳಿದಾನೆ. ಕಮಿಟಿಲಿ ಹಿರಿಯರು ಕೆಲವ್ರು ಮಾರಿ ಹಂಚ್ಕೊಳೋಣ ಅಂತಿದಾರೆ. ನಂಗೆ ಮನಸ್ಸು ಒಪ್ತಿಲ್ಲ, ಆದ್ರೆ ಇಟ್ಕೊಂಡು ಏನ್ ಮಾಡೋದು ಅಂದ್ರೆ ಉತ್ತರಾನೂ ಇಲ್ಲ. ನಿಮ್ಮ ಕಡೆ ಇಂಥ ಸಂಘಗಳು ಹೆಂಗೆ ನಡೀತಿವೆ ಹೇಳಿ.

ಮಜಾಮಂಜ:
ಮಾರಿ ಗುರು. ಇಲ್ಲಾಂದ್ರೆ "ರಿಕ್ರಿಯೇಷನ್ ಅಸೋಸಿಯೇಷನ್" ಅಂತ ಬೋರ್ಡ್ ಹಾಕಿ ರಮ್ಮಿ ಟೇಬಲ್ ಇಡಿ, ಸಂಘ ಉದ್ಧಾರ ಆಗತ್ತೆ 😂 ಗಾಂಧಿನಗರ ಮೆಜೆಸ್ಟಿಕ್ ಕಡೆ ಎಷ್ಟಿಲ್ಲ.

ಲೆಕ್ಕದಮೇಷ್ಟ್ರು:
ಮಂಜಣ್ಣ ತಮಾಷೆಗೆ ಹೇಳಿದ್ರೂ ಇದನ್ನ ಸೀರಿಯಸ್ಸಾಗಿ ಮಾಡೋರಿದಾರೆ, ಅದಕ್ಕೆ ಬರೀತಿದೀನಿ. ರಮ್ಮಿ ಮುಖ್ಯವಾಗಿ ಬುದ್ಧಿ ಉಪಯೋಗಿಸೋ ಆಟ ಅಂತ 1967ರಲ್ಲೇ ಸುಪ್ರೀಂ ಕೋರ್ಟ್ ಸಿಕಂದರಾಬಾದಿನ ಒಂದು ಕ್ಲಬ್ಬಿನ ಕೇಸಲ್ಲಿ ಹೇಳಿದೆ ನಿಜ. ಆದ್ರೆ ಅದೇ ತೀರ್ಪಲ್ಲೇ, ಕ್ಲಬ್ಬು ಆಟದಿಂದ ಲಾಭ ಮಾಡ್ಕೊಂಡ್ರೆ ಕಥೆ ಬೇರೆ ಅಂತಾನೂ ಇದೆ. ಟೇಬಲ್ ಇಟ್ಟ ದಿನದಿಂದ ಸ್ಟೇಷನ್ನಿನೋರ ಹತ್ರ ಸಂಬಂಧ ಬೆಳೆಸ್ಬೇಕಾಗತ್ತೆ, ಆಮೇಲೆ ಅಲ್ಲಿಗೆ ಯಾವ ತಾಯಿ ಮಗೂನ ಕಳಿಸ್ತಾಳೆ.

ಈಗ ಮುಖ್ಯ ವಿಷಯಕ್ಕೆ. ಪೇಟೆಹೈದ ಅವ್ರೇ, ನಿಮ್ಮ ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ರಿಜಿಸ್ಟರ್ ಆಗಿದ್ರೆ, ಮಾರಿ ಹಂಚ್ಕೊಳೋ ಮಾತೇ ಇಲ್ಲ. ಆಸ್ತಿ ಸಂಘದ್ದು, ಮೆಂಬರ್‌ಗಳದ್ದಲ್ಲ. ಸಂಘ ವಿಸರ್ಜನೆ ಮಾಡಿದ್ರೂ ಸಾಲ ಸೋಲ ತೀರಿಸಿ ಉಳಿದಿದ್ದು ಅದೇ ಥರ ಉದ್ದೇಶ ಇರೋ ಇನ್ನೊಂದು ಸಂಘಕ್ಕೆ ಹೋಗ್ಬೇಕು, ಯಾರ ಜೇಬಿಗೂ ಹೋಗಂಗಿಲ್ಲ. ಕಮಿಟಿಯ ಹಿರಿಯರಿಗೆ ಇದನ್ನ ಗಟ್ಟಿಯಾಗಿ ಓದಿ ಹೇಳಿ, ಅರ್ಧ ಉತ್ಸಾಹ ಅಲ್ಲೇ ಇಳಿಯತ್ತೆ.

ಎರಡನೇದು, ವರ್ಷಾ ವರ್ಷ ಸರ್ವ ಸದಸ್ಯರ ಸಭೆ ಆಗಿದ್ಯಾ? ಆದ 14 ದಿನದೊಳಗೆ ಆಡಳಿತ ಮಂಡಳಿ ಪಟ್ಟಿ, ಆಡಿಟ್ ಆದ ಲೆಕ್ಕ ಎಲ್ಲ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ಬೇಕು. ಹಳೇ ಸಂಘಗಳಲ್ಲಿ ತೊಂಬತ್ತು ಭಾಗ ಎಡವೋದು ಇಲ್ಲೇ. ವರ್ಷಗಟ್ಟಲೆ ಫೈಲ್ ಮಾಡದೆ ಬಿಟ್ಟು, ಯಾರೋ ಜಗಳ ತೆಗೆದು ಕಂಪ್ಲೇಂಟ್ ಕೊಟ್ಟಾಗ ಸರ್ಕಾರ ಆಡಳಿತಾಧಿಕಾರಿನ ಕೂರಿಸತ್ತೆ, ಆಮೇಲೆ ನಿಮ್ಮ ಹಾಲ್‌ಗೆ ನೀವೇ ಅರ್ಜಿ ಹಾಕ್ಕೊಂಡು ಹೋಗ್ಬೇಕು.

ಪೇಟೆಹೈದ:
ಮೇಷ್ಟ್ರೇ ದೊಡ್ಡ ನಮಸ್ಕಾರ. ಫೈಲ್ ಮಾಡಿಲ್ಲ ಅಂತ ಕಾಣ್ಸತ್ತೆ, ಕೊನೇದು ಯಾವಾಗ ಅಂತ ಸೆಕ್ರೆಟರಿಗೂ ನೆನಪಿಲ್ಲ. ಕೇಳಿದ್ರೆ "ನೀನು ನಿನ್ನೆ ಮೊನ್ನೆ ಮೆಂಬರ್ ಆದೋನು" ಅಂತಾರೆ.

ಗರಡಿಮಣ್ಣು:
ತಿಗಳರಪೇಟೆ ಪಕ್ಕದೋನು ನಾನು. ಸಂಘ ಗಿಂಘ ಅಂತ ರಿಜಿಸ್ಟರ್ ಮಾಡೋ ಕಾಲಕ್ಕಿಂತ ಮುಂಚೆ ಪೇಟೆಲಿ ಹುಡುಗ್ರು ಸೇರ್ತಿದ್ದಿದ್ದು ಗರಡಿ ಮನೇಲಿ. ಬಗ್ಗಿ ಒಳಗೆ ಹೋಗೋ ಸಣ್ಣ ಬಾಗ್ಲು, ಕೆಮ್ಮಣ್ಣಿನ ಮಟ್ಟಿ, ಗೋಡೆ ಮೇಲೆ ಆಂಜನೇಯ, ಮೂಲೇಲಿ ಗದೆ, ಬೆಳಿಗ್ಗೆ ಬೇಗ ದಂಡ ಬಸ್ಕಿ. ಉಸ್ತಾದ್ ಸಾಬ್ರಾಗಿದ್ರೂ ಮಟ್ಟಿ ಪೂಜೆಗೆ ತಪ್ಪಿಸ್ತಿರ್ಲಿಲ್ಲ, ಅವ್ರೇ ಮುಂದೆ ನಿಂತ್ಕೋತಿದ್ರು. ಕರಗಕ್ಕೆ ಕತ್ತಿ ಹಿಡಿಯೋ ವೀರಕುಮಾರರು ತಯಾರಾಗೋದೂ ಇಲ್ಲೇ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಕಾಟನ್‌ಪೇಟೆ ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗತ್ತೆ ಅಂತ ಎಲ್ರೂ ಫೋಟೋ ಹಾಕ್ತಾರೆ, ಭಾವೈಕ್ಯ ಅಂತಾರೆ. ಅದು ಒಂದು ರಾತ್ರಿ ಕೆಲ್ಸ ಅಲ್ಲ ಸ್ವಾಮಿ. ವರ್ಷಪೂರ್ತಿ ಒಂದೇ ಮಣ್ಣಲ್ಲಿ ಬಿದ್ದು ಎದ್ದೋರು ಅನ್ನೋದ್ರಿಂದ ಆ ರಾತ್ರಿ ನಡೀತಿತ್ತು.

ಈಗ ಜಿಮ್ ಬಂತು, ಕನ್ನಡಿ ಬಂತು, ತಿಂಗಳ ಫೀಸ್ ಬಂತು. ಗರಡಿಗಳು ಉಳಿದಿರೋದು ಬೆರಳೆಣಿಕೆ, ಕೆಲವು ಕರಗದ ಮುಂಚೆ ಮಾತ್ರ ಬಾಗ್ಲು ತೆಗೀತವೆ. ನಿಮ್ಮ ಸಂಘ ಗಣೇಶನಿಗೆ ಮಾತ್ರ ಬಾಗ್ಲು ತೆಗಿಯೋ ಹಂಗೇ ಇದೂನೂ. ದಿನಾ ಬಾಗ್ಲು ತೆಗಿಯೋರು ಒಬ್ರು ಬೇಕು, ಅಷ್ಟೇ. ನಮ್ಮಲ್ಲಿ ಒಬ್ಬ ಮುದುಕಪ್ಪ ಇದ್ರು, ಪೈಲ್ವಾನ್ರಲ್ಲ ಏನಲ್ಲ, ಬೆಳಿಗ್ಗೆ ಬಂದು ಮಟ್ಟಿಗೆ ನೀರು ಚಿಮುಕಿಸಿ ದೀಪ ಹಚ್ಚೋರು. ಅವ್ರು ಹೋದ ವರ್ಷವೇ ಹುಡುಗ್ರು ಬರೋದು ಕಮ್ಮಿ ಆಯ್ತು.

ಹಳೇಹುಬ್ಳಿ:
ನಮ್ಮ ಕಡೆ ಇದಕ್ಕ ತಾಲೀಮು ಅಂತಾರ್ರೀ. ಹಳೇ ಹುಬ್ಬಳ್ಳ್ಯಾಗ ಓಣಿಗೊಂದು ಭಜನಿ ಮಂಡಳ, ಓಣಿಗೊಂದು ಕಾಮಣ್ಣನ ಕಮಿಟಿ. ಹೋಳಿ ಬಂದ್ರ ಪಟ್ಟಿ ಎತ್ತೋದು, ಉಳದ ರೊಕ್ಕದಾಗ ಭಾಂಡೆ ತೊಗೊಳ್ಳೋದು. ಆ ಭಾಂಡೆ ಓಣ್ಯಾಗ ಯಾರ ಮನ್ಯಾಗ ಲಗ್ನ ಇರ್ಲಿ, ಯಾರರ ತೀರ್ಕೊಂಡಿರ್ಲಿ, ಎಲ್ಲಾರಿಗೂ ಪುಕ್ಕಟೆ. ಬ್ಯಾರೆ ಏನೂ ಮಾಡಿಲ್ಲ ನಮ್ಮ ಮಂಡಳ, ಭಾಷಣ ಇಲ್ಲ ಸನ್ಮಾನ ಇಲ್ಲ. ಆದ್ರ ದೊಡ್ಡ ಹಂಡೆ, ಜಮಖಾನಿ, ಟಾಡಪತ್ರಿ ಇರೋತನಾ ನಡೀತೈತಿ ನೋಡ್ರಿ. ಧಾರವಾಡದಾಗ ವಿದ್ಯಾವರ್ಧಕ ಸಂಘ ಐತಿ, 1890ರದ್ದು, ದೊಡ್ಡ ಹೆಸರು, ನಾವು ಅದಕ್ಕ ಕೈ ಮುಗಿತೀವಿ. ಓಣ್ಯಾಗಿನ ಸಂಘದ ಕೆಲಸಾನ ಬ್ಯಾರೆ.

ಮಜಾಮಂಜ:
ಟಾಡಪತ್ರಿ ಪಾಯಿಂಟ್ ಸಕ್ಕತ್ತಾಗಿದೆ ಅಣ್ಣ. ನಮ್ಮ ಗಲ್ಲಿಲಿ ಸಾವಾದ್ರೆ ಶಾಮಿಯಾನದೋನು ಕೇಳೋ ರೇಟಿಗೆ ಇನ್ನೊಂದು ಸಾವಾಗತ್ತೆ.

ಮಾಟುಂಗಾಭಟ್:
ನಾನು ಮುಂಬೈಯವ, ಮೂಲ ಉಡುಪಿ ಕಡೆ. ನಿಮ್ಮ ಪ್ರಶ್ನೆ ನೋಡಿ ಇಲ್ಲಿಯ ನಮ್ಮ ಫೋರ್ಟ್ ಏರಿಯಾ ನೆನಪಾಯ್ತು ಮಾರಾಯ್ರೆ. ನಮ್ಮಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳಿಗೇನು ಕಡಿಮೆ ಇಲ್ಲ, ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮಾಟುಂಗದ ಮೈಸೂರು ಅಸೋಸಿಯೇಷನ್ 1926, ಬಂಟರ ಸಂಘ 1927, ಕರ್ನಾಟಕ ಸಂಘ 1933. ನಾಟಕ, ಯಕ್ಷಗಾನ, ಸನ್ಮಾನ ಎಲ್ಲ ಆಯ್ತು. ಆದರೆ ಊರಿನಿಂದ ಹತ್ತು ಹನ್ನೆರಡು ವರ್ಷಕ್ಕೇ ಬಸ್ಸು ಹತ್ತಿ ಬಂದ ಹುಡುಗನಿಗೆ ಅದೆಲ್ಲ ಎಲ್ಲಿ ಗೊತ್ತು? ಅವನಿಗೆ ಸಿಕ್ಕಿದ್ದು ರಾತ್ರಿ ಶಾಲೆ. ಹೋಟೆಲಿನಲ್ಲಿ ಬೆಳಗ್ಗೆಯಿಂದ ಟೇಬಲ್ ಒರೆಸಿ, ಸಂಜೆ ಕೈ ತೊಳೆದು, ಕನ್ನಡ ಮಾಧ್ಯಮದ ನೈಟ್ ಹೈಸ್ಕೂಲಿಗೆ ಹೋಗಿ ಕೂತರೆ ನಿದ್ದೆ ಬರ್ತಿತ್ತು, ಮೇಷ್ಟ್ರು ಹೊಡೀತಿರಲಿಲ್ಲ, ಅವರಿಗೂ ಗೊತ್ತಿತ್ತು, ಅವರೂ ಹಗಲು ಎಲ್ಲೋ ಬೇರೆ ಕಡೆ ದುಡಿದು ಬಂದವರೇ. ಹಾಗೆ ಓದಿದವರು ಆಮೇಲೆ ವಕೀಲರಾದರು, ಸಿಎ ಆದರು, ಸ್ವಂತ ಹೋಟೆಲಿಟ್ಟರು, ಬ್ಯಾಂಕಿಗೆ ಹೋದರು. ಮುಂಬೈ ಕನ್ನಡಿಗರಲ್ಲಿ ಒಂದು ತಲೆಮಾರಿನ ಯಾರನ್ನೇ ಕೇಳಿ, ಮನೆಯಲ್ಲಿ ಒಬ್ಬರಾದರೂ ರಾತ್ರಿ ಶಾಲೆಯವರು ಸಿಗ್ತಾರೆ.

ಆಮೇಲೆ ಊರಲ್ಲೇ ಶಾಲೆ ಆಯಿತು, ಹುಡುಗರು ಅಷ್ಟು ಸಣ್ಣ ಪ್ರಾಯದಲ್ಲಿ ಬರೋದು ನಿಂತಿತು, ರಾತ್ರಿ ಶಾಲೆಗಳು ಒಂದೊಂದೇ ಖಾಲಿ ಆದವು. ಅದು ಬೇಜಾರು ಮಾಡುವ ವಿಷಯವೇ ಅಲ್ಲ ನನ್ನ ಪ್ರಕಾರ, ಒಳ್ಳೆಯದೇ ಆಯ್ತಲ್ಲ. ನಾನು ಹೇಳೋದು ಏನೆಂದರೆ, ನಿಮ್ಮ ಗಲ್ಲಿಯಲ್ಲಿ ಈಗ ಆ ಹುಡುಗ ಯಾರು ನೋಡಿ. ಬಂಗಾಳದ ಚಿನ್ನದ ಕೆಲಸದವ, ಯಾದಗಿರಿಯ ಹಮಾಲಿ. ಮುಂಬೈಯಲ್ಲಿ ನಾವಿದ್ದ ಜಾಗದಲ್ಲಿ ಇವತ್ತು ನಿಮ್ಮಲ್ಲಿ ಅವರಿದ್ದಾರೆ.

ಕನ್ನಡವೇಸತ್ಯ:
ಭಟ್ರೇ, ಅಲ್ಲಿ ನಿಮ್ಮವರು ನಿಮ್ಮವರಿಗೆ ಮಾಡಿದ್ರು. ಇಲ್ಲಿ ನಮ್ಮ ತಾತಂದಿರ ದುಡ್ಡಲ್ಲಿ ಕಟ್ಟಿದ ಸಂಘಾನ ಹಿಂದಿ ಮಾತಾಡೋರಿಗೆ ಯಾಕೆ ಕೊಡ್ಬೇಕು? ಚಿಕ್ಕಪೇಟೆಲಿ ಕನ್ನಡದಲ್ಲಿ ಸೀರೆ ರೇಟ್ ಕೇಳಿದ್ರೆ ಹಿಂದಿಲಿ ಹೇಳ್ತಾರೆ. ಮೊದ್ಲು ಕನ್ನಡ ಕಲೀಲಿ.

ಮಾಟುಂಗಾಭಟ್:
ಕಲಿಸಿ ಮಾರಾಯ್ರೆ! ಹಾಲ್ ಇದೆ, ಟೇಬಲ್ ಇದೆ, ಕುವೆಂಪು ಫೋಟೋ ಕೂಡ ಇದೆ. ನಾವು ಹಗಲಲ್ಲಿ ಮರಾಠಿ ಕಲಿತದ್ದು ಗಿರಾಕಿಗಳ ಹತ್ತಿರ ಬೈಸಿಕೊಂಡು, ಯಾರಾದರೂ ಕೂರಿಸಿ ಹೇಳಿಕೊಟ್ಟಿದ್ದರೆ ಕಾಲಿಗೆ ಬೀಳ್ತಿದ್ದೆವು.

ಲೆಕ್ಕದಮೇಷ್ಟ್ರು:
ಕನ್ನಡ ಅಭಿವೃದ್ಧಿ ಪ್ರಾಧಿಕಾರದವರ ಕನ್ನಡ ಕಲಿಕೆ ತರಗತಿಗಳು ಇವೆ. ಜಾಗ, ಕಲಿಯೋ ಜನ ಎರಡೂ ತೋರಿಸಿ ಒಂದು ಪತ್ರ ಹಾಕಿ ಕೇಳಿ. ಕನ್ನಡವೇಸತ್ಯ ಅವ್ರೇ, ನೀವೇ ವಾರಕ್ಕೆರಡು ದಿನ ಬಂದು ಪಾಠ ಮಾಡೋದಾದ್ರೆ ಇನ್ನೂ ಒಳ್ಳೇದು.

ಕನ್ನಡವೇಸತ್ಯ:
ಟೈಮ್ ಸಿಕ್ರೆ ನೋಡೋಣ.

ಅಕ್ಕಿಪೇಟೆಸೊಸೆ:
ಇಷ್ಟೊತ್ತು ಓದ್ದೆ. ಗರಡಿ, ತಾಲೀಮು, ಕೇರಂ, ರಮ್ಮಿ, ಹೋಟೆಲ್ ಹುಡುಗ... ಒಂದ್ರಲ್ಲಾದ್ರೂ ಹೆಂಗಸ್ರು ಇದಾರಾ? ಮದುವೆಯಾಗಿ ಬಂದಾಗಿಂದ ಇದೇ ಏರಿಯಾ, ಸಂಘದ ಮೆಟ್ಲು ಇವತ್ತಿನವರ್ಗೂ ಹತ್ತಿಲ್ಲ. ಗಣೇಶನ ಚಂದಾ ಕೇಳೋಕೆ ಮನೆಗೆ ಬರ್ತಾರೆ, ಪ್ರಸಾದದ ಪಲ್ಯಕ್ಕೆ ತರಕಾರಿ ಹೆಚ್ಚೋಕೆ ಕರೀತಾರೆ, ಅಲ್ಲಿಗೆ ಮುಗೀತು.

ಬೆಂಗಳೂರಲ್ಲಿ ಮಹಿಳಾ ಸೇವಾ ಸಮಾಜ ಶುರುವಾಗಿದ್ದು 1913ರಲ್ಲಿ. ನೂರು ವರ್ಷದ ಮೇಲಾಯ್ತು. ಗಲ್ಲಿ ಸಂಘಕ್ಕೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ನಮ್ಮೋರು ಸೇರೋ ಜಾಗ ಯಾವ್ದು ಗೊತ್ತಾ, ಸ್ತ್ರೀಶಕ್ತಿ ಗುಂಪಿನ ಮೀಟಿಂಗು, ಕಂತು ಕಟ್ಟೋ ದಿನ ಯಾರದೋ ಮನೆ ಜಗಲಿ, ಇಲ್ಲಾ ದೇವಸ್ಥಾನ. 2023ರಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಬಸ್ ಫ್ರೀ ಆಯ್ತಲ್ಲ, ನಮ್ಮ ಭಜನೆ ಮಂಡಳಿ ಘಾಟಿ, ಧರ್ಮಸ್ಥಳ ಅಂತ ಸುತ್ತಿದ್ದೇ ಸುತ್ತಿದ್ದು, ಗಂಡಸ್ರು ವಾಟ್ಸಾಪಲ್ಲಿ ಜೋಕ್ ಮಾಡಿದ್ರು. ಮಾಡ್ಕೊಳ್ಳಿ. ಅವ್ರು ಸಾಯಂಕಾಲ ಟೀ ಅಂಗಡಿ ಮುಂದೆ ಎರಡು ಗಂಟೆ ನಿಂತ್ರೆ ಯಾರೂ ಏನೂ ಅನ್ನಲ್ಲ, ನಾವು ಕೂತು ಮಾತಾಡೋಕೆ ಬಸ್ ಸೀಟೇ ಬೇಕಾಯ್ತು.

ನಿಮ್ಮ ಹಾಲ್ ನಡೀಬೇಕು ಅಂದ್ರೆ ಕೇಳಿ, ಮೆಟ್ಲಿಗೆ ಲೈಟ್ ಹಾಕ್ಸಿ. ಚಿಲಕ ಸರಿಯಾಗಿರೋ ಟಾಯ್ಲೆಟ್ ಮಾಡ್ಸಿ, ನೀರು ಬರ್ಬೇಕು. ಮಧ್ಯಾಹ್ನ ಮೂರರಿಂದ ಐದು ಹೆಂಗಸ್ರಿಗೆ ಬಿಡಿ, ಆ ಟೈಮಲ್ಲಿ ಗಂಡಸ್ರು ಯಾರೂ ಅಲ್ಲಿ ಕೇರಂ ಆಡಲ್ಲ. ಆಮೇಲೆ ಎಸ್ಎಸ್ಎಲ್‌ಸಿ, ಪಿಯುಸಿ ಮಕ್ಳಿಗೆ ಓದೋಕೆ ಬಿಡಿ. ಪೇಟೆ ಮನೆ ಗೊತ್ತಲ್ವಾ, ಒಂದೇ ರೂಮು, ಅಲ್ಲೇ ಟಿವಿ, ಅಲ್ಲೇ ಅಡಿಗೆ, ಕೆಳಗೆ ಹೊಲಿಗೆ ಮಿಷನ್ ಸದ್ದು. ನನ್ ಮಗ್ಳು ಪರೀಕ್ಷೆಗೆ ಓದಿದ್ದು ದೇವಸ್ಥಾನದ ಪ್ರಾಕಾರದಲ್ಲಿ, ಮಂಗಳಾರತಿ ಆದ್ಮೇಲೆ ಅಲ್ಲೂ ಎಬ್ಬಿಸ್ತಿದ್ರು.

ಪೇಟೆಹೈದ:
ಅಕ್ಕ, ನೀವು ಹೇಳಿದ್ದು ತಲೆಗೆ ಹೋಯ್ತು. ಓದೋ ಮಕ್ಳ ವಿಷಯ ನಾವ್ಯಾರೂ ಯೋಚ್ನೇನೇ ಮಾಡಿರ್ಲಿಲ್ಲ.

ಲೆಕ್ಕದಮೇಷ್ಟ್ರು:
ಅಂದ ಹಾಗೆ ನಾವೆಲ್ಲ ಕಟ್ಟೋ ಆಸ್ತಿ ತೆರಿಗೆ ಜೊತೆಗೆ ಶೇ 6 ಗ್ರಂಥಾಲಯ ಕರ ಅಂತ ಹೋಗತ್ತೆ, 1965ರ ಗ್ರಂಥಾಲಯ ಕಾಯ್ದೆ ಪ್ರಕಾರ. ಅದನ್ನ ಪಾಲಿಕೆ ಎತ್ತಿ ಗ್ರಂಥಾಲಯ ಇಲಾಖೆಗೆ ಕೊಡ್ಬೇಕು, ಬಾಕಿ ಉಳಿಸ್ಕೊಂಡಿದಾರೆ ಅನ್ನೋ ಜಗಳ ಬಹಳ ಹಳೇದು. ಅಂದ್ರೆ ಓದೋ ಜಾಗ ಕೇಳೋದು ಭಿಕ್ಷೆ ಅಲ್ಲ, ದುಡ್ಡು ಕೊಟ್ಟಿದೀವಿ.

ಗೌತಮಪುರ10:
ಹಲಸೂರು ಕಡೆಯಿಂದ. ನಮ್ ಏರಿಯಾಗೆ ಬಂದೋರಿಗೆ ಗೊತ್ತು, ಗಲ್ಲಿಲಿ ಪೆಲೆ ಸ್ಟ್ಯಾಚು ಇದೆ. ಜೋಕಲ್ಲ, ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆ ಪೆಲೆ. ಇಲ್ಲಿ ಕ್ಲಬ್ ಅಂದ್ರೆ ಫುಟ್ಬಾಲ್ ಕ್ಲಬ್. ಆಫೀಸ್ ಇರಲ್ಲ, ಹಾಲ್ ಇರಲ್ಲ, ಒಂದು ಬ್ಯಾಗ್ ತುಂಬ ಬಾಲು, ಗಂಟ್ಲು ದೊಡ್ಡದಿರೋ ಒಬ್ಬ ಕೋಚ್. ಮುಂಚೆ ಆಡಿದೋರೇ ಬೆಳಿಗ್ಗೆ ಬಂದು ಚಿಕ್ಕ ಹುಡುಗ್ರಿಗೆ ಫ್ರೀಯಾಗಿ ಕಲಿಸ್ತಾರೆ, ಆಮೇಲೆ ಡ್ಯೂಟಿಗೆ ಹೋಗ್ತಾರೆ. ಚೆನ್ನಾಗಿ ಆಡಿದ್ರೆ ಬ್ಯಾಂಕು, ಫ್ಯಾಕ್ಟರಿ, ಮಿಲಿಟರಿ ಟೀಮಲ್ಲಿ ಕೆಲ್ಸ ಸಿಗತ್ತೆ ಅನ್ನೋ ಆಸೆಗೆ ಒಂದು ತಲೆಮಾರು ಬೆಳೀತು. ಈಗ ಹಂಗೆ ಸ್ಪೋರ್ಟ್ಸ್ ಕೋಟಾ ಕೆಲ್ಸ ಕಮ್ಮಿ.

ಬೆಂಗಳೂರಿಗೆ ಈ ಆಟ ಐಎಸ್ಎಲ್ ಫುಟ್ಬಾಲ್ ಲೀಗ್ ಜೊತೆ ಬಂತು ಅನ್ಕೊಂಡೋರಿಗೆ ಒಂದ್ ಮಾತು. 1937ರಲ್ಲಿ ಬೆಂಗಳೂರ್ ಮುಸ್ಲಿಮ್ಸ್ ಅನ್ನೋ ನಮ್ಮೂರ ಕ್ಲಬ್ಬು ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದಿತ್ತು, ಅಲ್ಲಿವರ್ಗೂ ಬ್ರಿಟಿಷ್ ಮಿಲಿಟರಿ ಟೀಮುಗಳೇ ಗೆಲ್ತಿದ್ದ ಕಪ್ಪು. ಮುಂದಿನ ವರ್ಷಾನೂ ಇವ್ರೇ ಗೆದ್ರು. ಗಲ್ಲಿ ಹುಡುಗ್ರ ಕ್ಲಬ್ ಇದು, ಲಾನ್ ಇರೋ ಕ್ಲಬ್ ಅಲ್ಲ.

ನಮ್ ತಲೆನೋವು ಹಾಲ್ ಅಲ್ಲ, ಗ್ರೌಂಡು. ಇರೋ ಚೂರುಪಾರು ಗ್ರೌಂಡಿಗೂ ಬೇಲಿ, ಗೇಟು, ಟೈಮಿಂಗು. ಟರ್ಫ್ ಮಾಡಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ರೆ ಐಟಿ ಹುಡುಗ್ರು ರಾತ್ರಿ ಲೈಟ್ ಹಾಕ್ಕೊಂಡು ಆಡ್ತಾರೆ, ಏರಿಯಾ ಮಕ್ಳು ಬಲೆ ಹೊರಗೆ ನಿಂತು ನೋಡ್ತಾರೆ.

ಮಜಾಮಂಜ:
ಲಾನ್ ಇರೋ ಕ್ಲಬ್ ಅಂದ್ರಲ್ಲ ಅದಕ್ಕೆ: ಬೆಂಗಳೂರ್ ಕ್ಲಬ್ಬಲ್ಲಿ ಚರ್ಚಿಲ್ 13 ರೂಪಾಯಿ ಬಾಕಿ ಉಳಿಸ್ಕೊಂಡು ಹೋದ, ಅದನ್ನ ಇವತ್ತಿಗೂ ಹೆಮ್ಮೆಯಿಂದ ತೋರಿಸ್ತಾರೆ. ನಮ್ ಸಂಘದಲ್ಲಿ ನಾನು ಚಂದಾ ಬಾಕಿ ಉಳ್ಸಿದ್ರೆ ನೋಟಿಸ್ ಬೋರ್ಡಲ್ಲಿ ಹೆಸರು ಬರೀತಾರೆ.

ಲೆಕ್ಕದಮೇಷ್ಟ್ರು:
😀 ಆ ಕ್ಲಬ್ 1868ರದ್ದು. ದೇಸಿ ಜನಕ್ಕೂ ಒಂದು ಬೇಕು ಅಂತ ವಿಶ್ವೇಶ್ವರಯ್ಯನೋರು 1917ರಲ್ಲಿ ಕಬ್ಬನ್ ಪಾರ್ಕಲ್ಲಿ ಸೆಂಚುರಿ ಕ್ಲಬ್ ಮಾಡಿದ್ರು, ನೂರು ಜನ ಸೇರಿದ್ರು ಅದಕ್ಕೆ ಆ ಹೆಸರು. ಅದೂ ಈಗ ಮಾಮೂಲಿ ಜನಕ್ಕೆ ಎಟುಕೋ ಜಾಗ ಅಲ್ಲ. ಹಾಗಂತ ಎಲ್ಲಾನೂ ಹಾಗಾಗಿಲ್ಲ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಛೇರಿ ನಡಸ್ಕೊಂಡು ಬಂದಿರೋ ರಾಮಸೇವಾ ಮಂಡಳಿ 1939ರದ್ದು, ದೊಡ್ಡ ದೊಡ್ಡ ವಿದ್ವಾಂಸರನ್ನ ಜನ ಪೆಂಡಾಲಲ್ಲಿ ಕೂತು ಕೇಳಿದಾರೆ. ಡಿವಿಜಿಯವರ ಗೋಖಲೆ ಸಂಸ್ಥೆ 1945ರದ್ದು, ಬಸವನಗುಡಿಯ ವರ್ಲ್ಡ್ ಕಲ್ಚರ್ ಇನ್‌ಸ್ಟಿಟ್ಯೂಟೂ ಅದೇ ವರ್ಷದ್ದು. ಎರಡೂ ಕಡೆ ಸುಮ್ನೆ ಹೋಗಿ ಭಾಷಣ ಕೇಳ್ಬಹುದು, ಓದ್ಬಹುದು.

ಗರಡಿಮಣ್ಣು:
ಮೇಷ್ಟ್ರೇ ಅದೆಲ್ಲ ಬಸವನಗುಡಿ ಮಾತಾಯ್ತು. 1898ರಲ್ಲಿ ಪ್ಲೇಗ್ ಬಂದಾಗ ಅನುಕೂಲ ಇದ್ದೋರು ಬಸವನಗುಡಿ ಮಲ್ಲೇಶ್ವರಕ್ಕೆ ಹೋದ್ರು, ಅವ್ರ ಜೊತೆ ಓದೋ ಸಂಘಗಳೂ ಅಲ್ಲೇ ಹುಟ್ಟಿದ್ವು. ಪೇಟೆಲಿ ಉಳಿದೋರಿಗೆ ಗರಡಿ, ಗುಡಿ, ಜಾತಿ ಸಂಘ.

ಲೆಕ್ಕದಮೇಷ್ಟ್ರು:
ಒಪ್ಕೋತೀನಿ. ಜಾತಿ ಸಂಘ ಅಂತ ಮೂಗು ಮುರಿಯೋರೂ ಒಂದು ನೋಡ್ಬೇಕು, ಹಳ್ಳಿಯಿಂದ ಓದೋಕೆ ಬಂದ ಹುಡುಗನಿಗೆ ಊಟ, ಹಾಸಿಗೆ ಕೊಟ್ಟಿದ್ದು ಅವೇ. ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ 1905, ಒಕ್ಕಲಿಗರ ಸಂಘ 1906. ಗುಬ್ಬಿ ತೋಟದಪ್ಪನವರ ಛತ್ರ ಅದಕ್ಕೂ ಮುಂಚೆ, 1903, ರೈಲಿಳಿದ್ರೆ ಎದುರಿಗೇ.

ಗೌತಮಪುರ10:
ಸಾರ್, ನಮ್ ಜನಕ್ಕೆ ಆ ಹಾಸ್ಟೆಲ್ಲುಗಳಲ್ಲಿ ಯಾರು ಹಾಸಿಗೆ ಕೊಟ್ರು ಅನ್ನೋದನ್ನೂ ಒಂದ್ ಸಲ ಬರೀರಿ.

ಲೆಕ್ಕದಮೇಷ್ಟ್ರು:
ನ್ಯಾಯವಾದ ಮಾತು.

ಅಪ್ಪುಫ್ಯಾನ್ಸ್:
ಎಲ್ರೂ ದೊಡ್ಡ ದೊಡ್ಡ ಸಂಸ್ಥೆ ಹೆಸರು ಹೇಳ್ತಿದೀರ, ಅಭಿಮಾನಿ ಸಂಘಾನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಮೆಜೆಸ್ಟಿಕ್, ಶ್ರೀರಾಂಪುರ, ಓಕಳಿಪುರ, ಕಾಟನ್‌ಪೇಟೆ ಹುಡುಗ್ರಿಗೆ ಕ್ಲಬ್ ಅಂದ್ರೆ ಅದೇ. ಥಿಯೇಟರ್ ಮುಂದೆ ಸ್ಟಾರ್ ಕಟ್ಟೋದು, ಕಟೌಟ್‌ಗೆ ಹಾಲು ಸುರಿಯೋದು ಅಷ್ಟೇ ನಿಮ್ಗೆ ಕಾಣೋದು. ಹಾಲು ಸುರಿಯೋದು ನಂಗೂ ಇಷ್ಟ ಇಲ್ಲ, ಅದು ಬೇರೆ ಮಾತು. ಈಗ ಕಪಾಲಿ ಹೋಯ್ತು, ಸಾಗರ್ ಹೋಯ್ತು, ನಿಲ್ಲೋಕೆ ಥಿಯೇಟರೇ ಇಲ್ಲ.

ಆದ್ರೆ ಕಣ್ಣು ದಾನ ನೋಡಿ. 2006ರಲ್ಲಿ ಅಣ್ಣಾವ್ರು ಕೊಟ್ರು. 2021 ಅಕ್ಟೋಬರ್ 29ಕ್ಕೆ ಅಪ್ಪು ಹೋದಾಗ ಅವ್ರ ಎರಡು ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆಮೇಲೆ ಜನ ಸಾಲುಗಟ್ಟಿ ಹೆಸರು ಬರೆಸಿದ್ರು. ಹೆಸರು ಬರೆಸೋದು ಸುಲಭ, ಕೆಲ್ಸ ಇರೋದು ಸಾವಾದ ಮನೇಲಿ. ಆರು ಗಂಟೆ ಒಳಗೆ ಕಣ್ಣು ತಗೋಬೇಕು, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡ್ಬೇಕು, ಫ್ಯಾನ್ ಆಫ್ ಮಾಡ್ಬೇಕು, ತಲೆ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರ ಮಾಡ್ಬೇಕು. ಮನೆಯೋರು ಅಳ್ತಾ ಇರ್ತಾರೆ, ಇದೆಲ್ಲ ಯಾರಿಗೆ ನೆನಪಿರತ್ತೆ? ಗಲ್ಲಿಲಿ ಸಂಘದ ಒಬ್ಬ ಹುಡುಗ ಅಂತ ಇದ್ರೆ ಐಬ್ಯಾಂಕಿಗೆ ಫೋನ್ ಹಾಕ್ತಾನೆ, ಅಜ್ಜಿಗೆ "ಮುಖ ಏನೂ ಹಾಳಾಗಲ್ಲ ಅಜ್ಜಿ" ಅಂತ ಹೇಳ್ತಾನೆ, ಗಾಡಿ ಬಂದ್ರೆ ಗಲ್ಲಿ ತುದಿಗೆ ಹೋಗಿ ಕರ್ಕೊಂಡು ಬರ್ತಾನೆ. ಪೇಟೆ ಗಲ್ಲಿಲಿ ಗೂಗಲ್ ಮ್ಯಾಪ್ ನಂಬ್ಕೊಂಡು ಬಂದ್ರೆ ಆರು ಗಂಟೆ ಅಲ್ಲೇ ಮುಗ್ದೋಗತ್ತೆ. ರಕ್ತಾನೂ ಹಂಗೇ, ಕ್ಯಾಂಪ್ ಮಾಡಿ ಫೋಟೋ ಹಾಕೋದಕ್ಕಿಂತ, ರಾತ್ರಿ ಒಂದೂವರೆಗೆ ಫೋನ್ ಬಂದ್ರೆ ಎದ್ದು ಹೋಗೋನು ಬೇಕು.

ಅಕ್ಕಿಪೇಟೆಸೊಸೆ:
ಇದು ನಂಗೆ ಗೊತ್ತಿರ್ಲಿಲ್ಲ ತಮ್ಮ. ಕಟೌಟ್ ನೋಡಿ ಬೈಕೋತಿದ್ದೆ.

ಲಂಡನ್‌ಗೌಡ:
ಚಿಕ್ಕ ಮಾತು. ಇಲ್ಲಿ ಪೂರ್ವ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಟಾಯ್ನ್‌ಬಿ ಹಾಲ್ ಅಂತ ಇದೆ, 1884ರದ್ದು. ಓದಿದ ಹುಡುಗರು ಬಡವರ ಏರಿಯಾದಲ್ಲೇ ಬಂದು ಇರಬೇಕು ಅಂತ ಶುರು ಮಾಡಿದ್ದು, ಅದನ್ನ ನೋಡಿ ಹೋದ ಅಮೆರಿಕದ ಜೇನ್ ಆಡಮ್ಸ್ 1889ರಲ್ಲಿ ಶಿಕಾಗೋದಲ್ಲಿ ಹಲ್ ಹೌಸ್ ಅಂತ ಅಂಥದ್ದೇ ಒಂದು ಮಾಡಿದ್ರು. ಟಾಯ್ನ್‌ಬಿ ಹಾಲಿನಲ್ಲಿ 1898ರಿಂದ ಬಡವರಿಗೆ ಸಂಜೆ ಹೊತ್ತು ಪುಕ್ಕಟೆ ಕಾನೂನು ಸಲಹೆ ಕೊಡ್ತಾ ಬಂದಿದಾರೆ, ಇವತ್ತಿಗೂ ಇದೆ. ಏರಿಯಾ ಜನ ಬದಲಾಗ್ತಾ ಹೋದ್ರು, ಯಹೂದಿಗಳಿದ್ರು, ಈಗ ಬಾಂಗ್ಲಾದೇಶದವರು ಜಾಸ್ತಿ. ಟೇಬಲ್ ಅದೇ, ಎದುರು ಕೂರೋರು ಬೇರೆ. ಬಾಡಿಗೆ ಜಗಳ, ಸಂಬಳ ಕೊಡದೆ ಓಡಿಸಿದ ಮಾಲೀಕ, ಸಮಸ್ಯೆ ಮಾತ್ರ ಹಳೇವೇ.

ಲೆಕ್ಕದಮೇಷ್ಟ್ರು:
ಇದು ನಮ್ಮಲ್ಲೂ ಆಗತ್ತೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಇದೆ, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಆದಾಯ ಕಮ್ಮಿ ಇರೋರು ಪುಕ್ಕಟೆ ವಕೀಲರನ್ನ ಕೇಳ್ಬಹುದು. ವಾರಕ್ಕೊಂದು ಸಂಜೆ ಹಾಲಲ್ಲಿ ಒಂದು ಟೇಬಲ್ ಹಾಕಿ, ಜಿಲ್ಲಾ ಪ್ರಾಧಿಕಾರಕ್ಕೆ ಪತ್ರ ಬರೀರಿ. ಮೈಕ್ರೋಫೈನಾನ್ಸಿನೋರು ಮನೆ ಮುಂದೆ ಬಂದು ಕೂಗಾಡೋದ್ರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ, ಅದನ್ನ ಹೇಳೋಕಾದ್ರೂ ಒಬ್ರು ಬೇಕು.

ಇನ್ನೊಂದು. 2020ರ ಸೆಪ್ಟೆಂಬರಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ್ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳದ್ದೇ ದರ್ಬಾರು ನಡೀತು, 2025ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂತು. ಇಷ್ಟರ ಮಧ್ಯೆ ಮೋರಿ ಕಟ್ಕೊಂಡ್ರೆ ಯಾರಿಗೆ ಹೇಳೋದು ಅಂತ ಗಲ್ಲಿ ಜನಕ್ಕೆ ಗೊತ್ತಿಲ್ಲ. ಸಂಘದ ಲೆಟರ್‌ಹೆಡ್ಡಲ್ಲಿ ಒಂದು ಅರ್ಜಿ ಹೋದ್ರೆ, ಸೀಲು ಹಾಕಿಸ್ಕೊಂಡು ಬಂದ್ರೆ, ಅದಕ್ಕೊಂದು ತೂಕ ಇದೆ.

ಪೇಟೆಹೈದ:
ಒಂದು ಅಪ್ಡೇಟ್. ಭಾನುವಾರ ಕಮಿಟಿ ಮೀಟಿಂಗ್ ಆಯ್ತು, ಜೋರು ಗಲಾಟೆ. ಹಂಚ್ಕೊಳೋ ಹಂಗಿಲ್ಲ ಅಂತ ಕಾಯ್ದೆ ಪ್ರಿಂಟ್ ಹಾಕಿಸ್ಕೊಂಡು ಹೋಗಿ ಓದಿದೆ, ಬಿಲ್ಡರ್ ಪರ ಇದ್ದ ಹಿರಿಯರು "ನಾವು ಸಂಘದ ಒಳ್ಳೇದಕ್ಕೆ ಹೇಳಿದ್ವಿ" ಅಂತ ರಾಗ ಬದಲಾಯಿಸಿದ್ರು. ಸದ್ಯಕ್ಕೆ ಮಾರಾಟ ಇಲ್ಲ. ಸಂಜೆ ಆರರಿಂದ ಒಂಬತ್ತು ದಿನಾ ಬಾಗ್ಲು ತೆಗೀಬೇಕು ಅಂತ ಆಯ್ತು. ಗರಡಿಮಣ್ಣು ಅಣ್ಣ ಹೇಳಿದ್ರಲ್ಲ, ತೆಗೆಯೋರು ಒಬ್ರು ಬೇಕು ಅಂತ, ಕೆಳಗಿನ ಗೋಡೌನಲ್ಲೇ ಮಲಗೋ ಯಾದಗಿರಿ ಕಡೆ ಹುಡುಗ ಒಬ್ಬ ಒಪ್ಕೊಂಡ, ಅವ್ನಿಗೆ ತಿಂಗಳಿಗಿಷ್ಟು ಅಂತ ಕೊಡ್ತೀವಿ. ಮೆಂಬರ್ ಅಲ್ಲದೋನ ಕೈಲಿ ಬೀಗದ ಕೈಯಾ ಅಂತ ಅರ್ಧ ಗಂಟೆ ಚರ್ಚೆ ಆಯ್ತು. ಬೀರು ಬೀಗ ಒಡೆಸಿದ್ವಿ, ಕಾದಂಬರಿಗಳಲ್ಲಿ ಅರ್ಧ ಗೆದ್ದಲು. ಎಸ್ಎಸ್ಎಲ್‌ಸಿ ಮಕ್ಳು ಏಳು ಜನ ಬರೋಕೆ ಶುರು ಮಾಡಿದಾರೆ, ಕೇರಂ ಆಡೋರಿಗೂ ಅವ್ರಿಗೂ ದಿನಾ ಜಗಳ, ಸದ್ದು ಜಾಸ್ತಿ ಅಂತ.

ಹಂಡೆ, ಟಾಡಪತ್ರಿಗೆ ಕಮಿಟಿಲಿ ಯಾರೂ ಇಲ್ಲ ಅನ್ಲಿಲ್ಲ ಹುಬ್ಳಿ ಅಣ್ಣ, ಅದೊಂದೇ ಒಂದೇ ಮಾತಲ್ಲಿ ಪಾಸಾಗಿದ್ದು.

ಬಾಡಿಗೆದಾರರನ್ನ ಮೆಂಬರ್ ಮಾಡ್ಕೊಳೋದು ಮಾತ್ರ ನಿಂತಿದೆ. ಬೈಲಾದಲ್ಲಿ, ಅಂದ್ರೆ ಸಂಘದ ನಿಯಮದ ಪುಸ್ತಕದಲ್ಲಿ, "ಸ್ಥಳೀಯ ಖಾಯಂ ನಿವಾಸಿ" ಅಂತ ಇದೆಯಂತೆ.

ಲೆಕ್ಕದಮೇಷ್ಟ್ರು:
ಹಾಗಿದ್ರೆ ಕೆಂಗೇರಿಗೆ ಹೋದೋರೂ ಮೆಂಬರ್ ಅಲ್ಲ ಅಂತಾಯ್ತು, ಅದನ್ನ ಮೀಟಿಂಗಲ್ಲಿ ಕೇಳಿ 🙂 ಬೈಲಾ ತಿದ್ದುಪಡಿ ಮಾಡ್ಬಹುದು, ಸದಸ್ಯರ ಸಭೇಲಿ ಪಾಸ್ ಮಾಡಿ ರಿಜಿಸ್ಟ್ರಾರ್ ಹತ್ರ ದಾಖಲಾಗ್ಬೇಕು. ಅದಕ್ಕೆ ಮುಂಚೆ ಹಳೇ ವರ್ಷಗಳ ಲೆಕ್ಕ ಕಟ್ಟಿ. ಬಾಕಿ ಇಟ್ಕೊಂಡು ಹೋದ್ರೆ ಕೌಂಟರಲ್ಲೇ ವಾಪಸ್ ಕಳಿಸ್ತಾರೆ.

ಅಕ್ಕಿಪೇಟೆಸೊಸೆ:
ಎಲ್ಲ ಬರೆದ್ರಿ, ಟಾಯ್ಲೆಟ್ ಬಗ್ಗೆ ಒಂದಕ್ಷರ ಇಲ್ವಲ್ಲ. ಮೂರರಿಂದ ಐದು ಏನಾಯ್ತು?

ಪೇಟೆಹೈದ:
ಅಕ್ಕ, ಮೆಟ್ಲಿಗೆ ಲೈಟ್ ಹಾಕ್ಸಿದೀವಿ. ಟಾಯ್ಲೆಟ್‌ಗೆ ಪ್ಲಂಬರ್ ಬಂದು ನೋಡಿ ಎಸ್ಟಿಮೇಟ್ ಕೊಟ್ಟ, ಗಣೇಶನ ಫಂಡಿಂದ ತೆಗೀಬೇಕು ಅಂದಿದ್ದಕ್ಕೆ ಮೂರು ಜನ ಎದ್ದು ಹೋದ್ರು. ಮುಂದಿನ ತಿಂಗಳು ಸದಸ್ಯರ ಸಭೆಗೆ ಇಟ್ಟಿದೀನಿ. ಮೂರರಿಂದ ಐದರ ವಿಷ್ಯಾನೂ ಅಲ್ಲೇ. ನೀವೇ ಬಂದು ಹೇಳಿದ್ರೆ ಒಳ್ಳೇದು, ಮೆಂಬರ್ ಅಲ್ಲದೋರು ಕೂತು ಕೇಳ್ಬಹುದು, ಮಾತಾಡೋಕೆ ಅಧ್ಯಕ್ಷರ ಅನುಮತಿ ಬೇಕು.

ಅಕ್ಕಿಪೇಟೆಸೊಸೆ:
ಅಧ್ಯಕ್ಷರ ಹೆಂಡ್ತಿ ನಮ್ಮ ಭಜನೆ ಮಂಡಳಿಲೇ ಇದಾರೆ. ಅನುಮತಿ ನಾನು ನೋಡ್ಕೋತೀನಿ, ನೀನು ತಾರೀಖು ಹೇಳು.